ಮನೆತನದಲ್ಲಿ ಇಳಿದು ಬರುವ ಸ್ತನ ಕ್ಯಾನ್ಸರ್: ಆ ಜೀನನ್ನು ಹುಡುಕಿದ್ದು ಹೇಗೆ?

ಒಂದು ಮನೆಯಲ್ಲಿ ಅಜ್ಜಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ಕೆಲವು ವರ್ಷ ಕಳೆದ ಮೇಲೆ ಚಿಕ್ಕಮ್ಮನಿಗೂ ಬಂತು. ಇದು ವಂಶದಿಂದ ಬಂದದ್ದೇ? ಹೆಚ್ಚಿನವರು ತಡಮಾಡದೆ ಹೌದು ಅನ್ನುತ್ತಾರೆ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಅಮೆರಿಕದಲ್ಲಿ ಪೂರ್ತಿ ಆಯಸ್ಸು ಬದುಕುವ ನೂರು ಹೆಂಗಸರಲ್ಲಿ ಸುಮಾರು 12 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಅಲ್ಲಿನ ಒಂದು ಕುಟುಂಬದಲ್ಲಿ ಅಜ್ಜಿ, ಅಮ್ಮ, ಚಿಕ್ಕಮ್ಮಂದಿರು, ಅಕ್ಕತಂಗಿಯರು ಎಲ್ಲ ಸೇರಿ 8 ಹೆಂಗಸರಿದ್ದಾರೆ ಅಂದುಕೊಳ್ಳಿ. ವಂಶದ ಪಾತ್ರ ಏನೇನೂ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಅಂಥ ನಾಲ್ಕು ಕುಟುಂಬಗಳಿದ್ದರೆ ಒಂದರಲ್ಲಿ ಇಬ್ಬರಿಗೋ ಮೂವರಿಗೋ ಈ ಕಾಯಿಲೆ ಬಂದಿರುತ್ತದೆ. ಬರೀ ಆಕಸ್ಮಿಕವಾಗಿ!

ವಂಶದ ಕಾರಣ ಹುಡುಕಲು ಹೊರಟವರಿಗೆ ಮೊದಲು ಅಡ್ಡ ಬಂದದ್ದು ಇದೇ. ಕಾಯಿಲೆ ಅಪರೂಪದ್ದಾದರೆ ಕೆಲಸ ಸುಲಭ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ಒಂದೇ ಮನೆಯ ಇಬ್ಬರು ಹುಡುಗರಿಗೆ ಬಂದರೆ ಅದನ್ನು ಆಕಸ್ಮಿಕ ಅಂತ ಯಾರೂ ಹೇಳುವುದಿಲ್ಲ. ಸ್ತನ ಕ್ಯಾನ್ಸರ್ ಹಾಗಲ್ಲ. ಅದು ತೀರಾ ಸಾಮಾನ್ಯ. ಹಾಗಾಗಿ ನಿಜವಾಗಿಯೂ ವಂಶದಲ್ಲಿ ರೋಗ ಹರಿಯುವ ಕುಟುಂಬಗಳು, ಸುಮ್ನೆ ಆಕಸ್ಮಿಕವಾಗಿ ರೋಗ ಕಂಡ ಕುಟುಂಬಗಳ ನಡುವೆ ಕಳೆದುಹೋಗುತ್ತವೆ. ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಹೆತ್ತವರಿಂದ ಬಂದ ಒಂದೇ ಜೀನಿನ ದೋಷದಿಂದ ಆಗುವುದು ನೂರಕ್ಕೆ 5ರಿಂದ 10 ಮಾತ್ರ ಅಂತ ಈಗ ಗೊತ್ತಿದೆ. ಆ ಸಣ್ಣ ಪಾಲನ್ನು ದೊಡ್ಡ ರಾಶಿಯಿಂದ ಬೇರೆ ಮಾಡಿದ ಮೇಲೆಯೇ ಜೀನ್ ಸಿಕ್ಕಿದ್ದು. ಬೇರೆ ಮಾಡಲು ನೆರವಾದದ್ದು ದೊಡ್ಡ ಯಂತ್ರವಲ್ಲ. ಯಾರಿಗೆ ಎಷ್ಟನೇ ವಯಸ್ಸಿನಲ್ಲಿ ಕಾಯಿಲೆ ಬಂತು ಅನ್ನುವ ಒಂದು ಸಾಮಾನ್ಯ ವಿವರ.

ಕುಟುಂಬಗಳಲ್ಲಿ ಈ ರೋಗ ಗುಂಪಾಗಿ ಬರುವುದನ್ನು ವೈದ್ಯರು ಹಿಂದೆಯೇ ಗಮನಿಸಿದ್ದರು. ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ 1866ರಲ್ಲೇ ತನ್ನ ಹೆಂಡತಿಯ ಮನೆತನದ ನಾಲ್ಕು ತಲೆಮಾರುಗಳ ಕ್ಯಾನ್ಸರ್ ಸಾವುಗಳನ್ನು ಪಟ್ಟಿ ಮಾಡಿ ಪ್ರಕಟಿಸಿದ. ಮಿದುಳಿನಲ್ಲಿ ಮಾತಿನ ಜಾಗ ಗುರುತಿಸಿದ ಬ್ರೋಕಾ ಈತನೇ. ಆಮೇಲೆ ನೂರು ವರ್ಷ ಈ ವಿಷಯ ಹೆಚ್ಚು ಮುಂದೆ ಹೋಗಲಿಲ್ಲ. 1960-70ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿದ್ದ ಹೆನ್ರಿ ಲಿಂಚ್ ಎಂಬ ವೈದ್ಯರು ಕ್ಯಾನ್ಸರ್ ಇರುವ ಕುಟುಂಬಗಳ ವಂಶವೃಕ್ಷಗಳನ್ನು ಬಿಡದೆ ಕೂಡಿಹಾಕಿದರು. ಕೆಲವು ಮನೆತನಗಳಲ್ಲಿ ಸ್ತನದ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಎರಡೂ ಜೊತೆಜೊತೆಗೇ ಕಾಣುತ್ತವೆ ಅಂತ ತೋರಿಸಿದರು. ಆಗಿನ ಬಹಳಷ್ಟು ತಜ್ಞರು ಇದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಯಾನ್ಸರಿಗೆ ವೈರಸ್ ಕಾರಣವಿರಬಹುದು, ಪರಿಸರ ಕಾರಣವಿರಬಹುದು, ಇಷ್ಟು ಜಟಿಲವಾದ ರೋಗಕ್ಕೆ ಒಂದೇ ಜೀನ್ ಕಾರಣ ಆಗಲು ಸಾಧ್ಯವೇ ಇಲ್ಲ ಅನ್ನುವುದು ಆಗಿನ ಸಾಮಾನ್ಯ ನಂಬಿಕೆ.

ಈ ನಂಬಿಕೆಗೆ ಎದುರು ನಿಂತವರು ಮೇರಿ-ಕ್ಲೇರ್ ಕಿಂಗ್. ಮೂಲತಃ ಗಣಿತ ಓದಿದವರು. ಮನುಷ್ಯರ ಮತ್ತು ಚಿಂಪಾಂಜಿಗಳ ಜೀನುಗಳು ನೂರಕ್ಕೆ 99ರಷ್ಟು ಹೋಲುತ್ತವೆ ಅಂತ 1975ರಲ್ಲಿ ತಮ್ಮ ಗುರು ಅಲನ್ ವಿಲ್ಸನ್ ಜೊತೆ ಸೇರಿ ತೋರಿಸಿದವರೂ ಇವರೇ. 1970ರ ದಶಕದ ಮಧ್ಯದಲ್ಲಿ ಸ್ತನ ಕ್ಯಾನ್ಸರಿನ ಬೆನ್ನು ಹತ್ತಿದ ಅವರಿಗೆ ಉತ್ತರ ಸಿಕ್ಕಿದ್ದು 1990ರಲ್ಲಿ. ನಡುವಿನ ವರ್ಷಗಳಲ್ಲಿ ದಾರಿ ತಪ್ಪಿದ್ದೂ ಉಂಟು. ಸ್ತನ ಕ್ಯಾನ್ಸರಿನ ಜೀನ್, ರಕ್ತದಲ್ಲಿ ಅಳೆಯಬಹುದಾದ ಜಿಪಿಟಿ ಎಂಬ ಕಿಣ್ವದ ಜೀನಿನ ಪಕ್ಕದಲ್ಲಿರಬಹುದು ಅಂತ 1980ರಲ್ಲಿ ಕಿಂಗ್, ಲಿಂಚ್ ಮತ್ತಿತರರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಮುಂದಿನ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ. ಈ ಸಂಗತಿಯನ್ನು ಗೆಲುವಿನ ಕತೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆದರೆ ವಿಧಾನ ಸರಿಯಿದ್ದರೂ ಜೀನಿನ ಜಾಗ ತೋರಿಸುವ ಗುರುತುಗಳು (ಇವುಗಳ ವಿವರ ಮುಂದಿದೆ) ಕಡಿಮೆಯಿದ್ದರೆ ಏನಾಗುತ್ತದೆ ಅನ್ನುವುದು ಇದರಿಂದ ಚೆನ್ನಾಗಿ ಗೊತ್ತಾಗುತ್ತದೆ.

ಜೀನ್ ಹುಡುಕುವ ಮೊದಲು ಕಿಂಗ್ ತಂಡ ಇನ್ನೊಂದು ಕೆಲಸ ಮಾಡಿತು. ಅಂಥ ಜೀನ್ ಇರುವ ಸಾಧ್ಯತೆ ಇದೆಯೇ ಅಂತ ಕಾಗದದ ಮೇಲೆಯೇ ಪರೀಕ್ಷಿಸಿತು. 55 ವರ್ಷದೊಳಗೆ ಸ್ತನ ಕ್ಯಾನ್ಸರ್ ಬಂದ 1579 ಹೆಂಗಸರ ಕುಟುಂಬಗಳ ವಿವರ ತೆಗೆದುಕೊಂಡರು. ರೋಗ ಬರೀ ಆಕಸ್ಮಿಕವಾದರೆ ಕುಟುಂಬಗಳಲ್ಲಿ ಹೇಗೆ ಹಂಚಿಕೆಯಾಗಬೇಕು? ಪರಿಸರದಿಂದಾದರೆ ಹೇಗೆ? ಒಂದು ಪ್ರಬಲ ಜೀನಿನಿಂದಾದರೆ ಹೇಗೆ? ಯಾವ ಲೆಕ್ಕ ನಿಜವಾದ ಹಂಚಿಕೆಗೆ ಹತ್ತಿರವಾಗುತ್ತದೆ? 1988ರಲ್ಲಿ ಬಂದ ಉತ್ತರ ಹೀಗಿತ್ತು: ಇವುಗಳಲ್ಲಿ ನೂರಕ್ಕೆ ಸುಮಾರು 4 ಕುಟುಂಬಗಳಲ್ಲಿ ಮಾತ್ರ ಒಂದು ಜೀನ್ ಕೆಲಸ ಮಾಡುತ್ತಿದೆ, ಉಳಿದವುಗಳಲ್ಲಿ ಇಲ್ಲ. ಅದು ತಂದೆಯಿಂದಲೋ ತಾಯಿಯಿಂದಲೋ ಬರುತ್ತದೆ. ಒಂದು ಕೆಟ್ಟ ಪ್ರತಿ ಬಂದರೂ ಸಾಕು. ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ.

ಹಾಗಾದರೆ ಆ ಜೀನ್ ಎಲ್ಲಿದೆ?

ಗುರುತುಗಳ ಹಿಂದೆ

ನಮ್ಮ ಜೀವಕೋಶದಲ್ಲಿ 23 ಜೋಡಿ ಕ್ರೋಮೋಸೋಮುಗಳಿವೆ. ಜೋಡಿಯಲ್ಲಿ ಒಂದು ಅಪ್ಪನದು, ಇನ್ನೊಂದು ಅಮ್ಮನದು. ಒಂದು ಸೆಟ್‌ನಲ್ಲಿ ಸುಮಾರು 300 ಕೋಟಿ ಡಿಎನ್‌ಎ ಅಕ್ಷರಗಳು. 1980ರ ದಶಕದಲ್ಲಿ ಇದನ್ನೆಲ್ಲ ಓದುವ ಮಾತೇ ಇರಲಿಲ್ಲ. ಹಾಗಾಗಿ ಜೀನನ್ನೇ ಹುಡುಕುವ ಬದಲು ಅದರ ನೆರೆಹೊರೆಯನ್ನು ಹುಡುಕಿದರು. ಗೊತ್ತಿಲ್ಲದ ಊರಿನಲ್ಲಿ ನಾವು ಮನೆ ನಂಬರ್ ಕೇಳುವುದಿಲ್ಲ, ‘ಆಂಜನೇಯನ ಗುಡಿ ಎಲ್ಲಿ’ ಅಂತ ಕೇಳಿ, ಅಲ್ಲಿಂದ ಮನೆ ಹುಡುಕುತ್ತೇವಲ್ಲ, ಹಾಗೆ.

ಡಿಎನ್‌ಎಯಲ್ಲಿ ಅಂಥ ಗುರುತುಗಳು ಇವೆ. ಕೆಲವು ಜಾಗಗಳಲ್ಲಿ ಅಕ್ಷರಗಳು ಒಬ್ಬರಿಂದ ಒಬ್ಬರಿಗೆ ಬೇರೆ ಬೇರೆಯಾಗಿರುತ್ತವೆ. ಇದರಿಂದ ಯಾವ ತೊಂದರೆಯೂ ಇಲ್ಲ, ಲಾಭವೂ ಇಲ್ಲ. ಆದರೆ ಮಗುವಿಗೆ ಬಂದ ತುಂಡು ಅಜ್ಜನದೋ ಅಜ್ಜಿಯದೋ ಅಂತ ಅದರಿಂದ ಹೇಳಬಹುದು. ಇಂಥ ಗುರುತುಗಳನ್ನು ಬಳಸಿ ಮನುಷ್ಯರ ಡಿಎನ್‌ಎಗೆ ನಕಾಶೆ ಮಾಡಬಹುದು ಅಂತ 1980ರಲ್ಲಿ ನಾಲ್ವರು ವಿಜ್ಞಾನಿಗಳು ಸೂಚಿಸಿದರು. ಅವರಲ್ಲಿ ಒಬ್ಬರ ಹೆಸರು ಮಾರ್ಕ್ ಸ್ಕೋಲ್ನಿಕ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈಗ ಒಂದು ಉದಾಹರಣೆ. ಒಂದು ಮನೆಯಲ್ಲಿ ನಾಲ್ವರು ಅಕ್ಕತಂಗಿಯರು, ನಾಲ್ವರಿಗೂ ಸ್ತನ ಕ್ಯಾನ್ಸರ್. ಒಂದು ಗುರುತನ್ನು ತೆಗೆದುಕೊಳ್ಳೋಣ. ಅವರ ತಾಯಿಯಲ್ಲಿ ಆ ಗುರುತಿನ ಎರಡು ಬಗೆಗಳಿವೆ. ಪ್ರತಿ ಮಗಳಿಗೂ ಎರಡರಲ್ಲಿ ಒಂದು ಬಂದಿದೆ. ನಾಲ್ವರಿಗೂ ಒಂದೇ ಬಗೆ ಬಂದಿದ್ದರೆ? ಅನುಮಾನ ಹುಟ್ಟುತ್ತದೆ, ಅಲ್ವಾ? ಆದರೆ ಅದು ಆಕಸ್ಮಿಕವಾಗಿ ಆಗುವ ಸಾಧ್ಯತೆಯೂ ಎಂಟರಲ್ಲಿ ಒಂದು. ಅಷ್ಟನ್ನೇ ನಂಬಿ ಏನೂ ಹೇಳುವ ಹಾಗಿಲ್ಲ. ಅದೇ ಗುರುತು ಇನ್ನೊಂದು ಕುಟುಂಬದಲ್ಲೂ ಹೀಗೇ ರೋಗದ ಜೊತೆಗೇ ಇಳಿದು ಬಂದಿದ್ದರೆ 64ರಲ್ಲಿ ಒಂದು. ಮೂರನೆಯದರಲ್ಲೂ ಹೀಗಾದರೆ 512ರಲ್ಲಿ ಒಂದು. ನಾಲ್ಕಾದರೆ 4096ರಲ್ಲಿ ಒಂದು. ಕುಟುಂಬದಿಂದ ಕುಟುಂಬಕ್ಕೆ ಸಾಧ್ಯತೆಗಳನ್ನು ಗುಣಿಸುತ್ತಾ ಹೋಗಬಹುದು. ಸಂಶೋಧಕರು ಇದನ್ನು ಲಾಡ್ ಸ್ಕೋರ್ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಸ್ಕೋರ್ 3 ಅಂದರೆ ಆ ಗುರುತು ರೋಗದ ಜೀನಿನ ನೆರೆಯಲ್ಲಿದೆ ಅನ್ನುವ ಪರವಾಗಿ ಒಂದಕ್ಕೆ ಸಾವಿರದಷ್ಟು ತೂಕ. ಸಾಮಾನ್ಯವಾಗಿ 3 ದಾಟಿದರೆ ಮಾತ್ರ ನಂಬುತ್ತಾರೆ.

ಹತ್ತಿರವಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಅಂಡಾಣು, ವೀರ್ಯಾಣು ತಯಾರಾಗುವಾಗ ಜೋಡಿ ಕ್ರೋಮೋಸೋಮುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ದೂರ ಇರುವ ಗುರುತು ಒಂದೆರಡು ತಲೆಮಾರಿನಲ್ಲೇ ಜೀನಿನ ಜೊತೆ ಬಿಟ್ಟುಹೋಗುತ್ತದೆ. ಪಕ್ಕದಲ್ಲೇ ಇದ್ದದ್ದು ಜೊತೆಗೇ ಬರುತ್ತದೆ.

ಹೇಳಿದಷ್ಟು ಸುಲಭವಾಗಿ ಇದು ನಡೆಯಲಿಲ್ಲ. ಸ್ತನ ಕ್ಯಾನ್ಸರ್ ಕುಟುಂಬಗಳಲ್ಲಿ ಲೆಕ್ಕ ಕೆಡಿಸುವ ಮೂರು ಸಂಗತಿಗಳಿದ್ದವು. ದೋಷವಿರುವ ಜೀನ್ ಬಂದರೂ ಕೆಲವರಿಗೆ ಕಾಯಿಲೆ ಬರುವುದೇ ಇಲ್ಲ. ಗಂಡಸರಲ್ಲಿ ಅದು ಅಪರೂಪಕ್ಕೆ ಮಾತ್ರ ಕಾಣಿಸುತ್ತದೆ, ಆದರೆ ಅವರು ಅದನ್ನು ಮಕ್ಕಳಿಗೆ ದಾಟಿಸುತ್ತಾರೆ. ಇನ್ನು ಮೂರನೆಯದು ಎಲ್ಲಕ್ಕಿಂತ ದೊಡ್ಡ ತಲೆನೋವು: ಜೀನ್ ಇರುವ ಮನೆತನದಲ್ಲೇ, ಆ ಜೀನ್ ಬಾರದ ಒಬ್ಬ ಅಕ್ಕನಿಗೆ 70ರ ವಯಸ್ಸಿನಲ್ಲಿ ಎಲ್ಲರಿಗೂ ಬರುವಂಥ ಸಾಮಾನ್ಯ ಸ್ತನ ಕ್ಯಾನ್ಸರ್ ಬಂದುಬಿಡಬಹುದು. ಆಕೆಯಲ್ಲಿ ಆ ಗುರುತು ಇರುವುದಿಲ್ಲ. ಅಲ್ಲಿಗೆ ಕೂಡಿಟ್ಟ ಸ್ಕೋರ್ ಕರಗಿತು. ಇಡೀ ಕುಟುಂಬವೇ ಬರೀ ಆಕಸ್ಮಿಕದ್ದಾದರಂತೂ ಹೇಳುವುದೇ ಬೇಡ, ಅದು ಮೊತ್ತದಿಂದ ಕಳೆಯುತ್ತಲೇ ಹೋಗುತ್ತದೆ.

ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದಾಗ

ಕಿಂಗ್ ತಂಡದ ಬಳಿ 23 ದೊಡ್ಡ ಕುಟುಂಬಗಳಿದ್ದವು. ಎಲ್ಲ ಸೇರಿ 146 ಸ್ತನ ಕ್ಯಾನ್ಸರ್‌ಗಳು. ಗುರುತಿನ ಮೇಲೆ ಗುರುತು ಪರೀಕ್ಷಿಸುತ್ತಾ ಹೋದರು. 1980ರ ದಶಕದ ಕೊನೆಗೆ, ಡಿಎನ್‌ಎಯ ಒಂದು ತುಂಡನ್ನು ಲಕ್ಷಗಟ್ಟಲೆ ಪ್ರತಿ ಮಾಡುವ ಪಿಸಿಆರ್ ವಿಧಾನ ಬಂದಿತ್ತು. ಹಾಗಾಗಿ ಕೆಲಸ ಮೊದಲಿಗಿಂತ ಬೇಗ ಸಾಗುತ್ತಿತ್ತು. 182 ಗುರುತುಗಳಲ್ಲಿ ಏನೂ ಸಿಗಲಿಲ್ಲ. 183ನೆಯದು 17ನೇ ಕ್ರೋಮೋಸೋಮಿನ ಉದ್ದನೆಯ ತೋಳಿನಲ್ಲಿತ್ತು. 23 ಕುಟುಂಬಗಳನ್ನೂ ಒಟ್ಟಿಗೆ ಕೂಡಿದರೆ ಅದೂ ನಿರಾಸೆಯೇ. ಆದರೆ ಕೆಲವು ಕುಟುಂಬಗಳು ಮಾತ್ರ ಆ ಗುರುತಿನ ಪರವಾಗಿ ಬಲವಾಗಿ ನಿಂತಿದ್ದವು.

ಯಾವ ಕುಟುಂಬಗಳು? ಪ್ರತಿ ಮನೆಯಲ್ಲೂ ಕಾಯಿಲೆ ಬಂದ ಸರಾಸರಿ ವಯಸ್ಸು ಲೆಕ್ಕ ಹಾಕಿ, ಚಿಕ್ಕ ವಯಸ್ಸಿನಿಂದ ದೊಡ್ಡ ವಯಸ್ಸಿಗೆ ಕುಟುಂಬಗಳನ್ನು ಸಾಲಾಗಿ ಜೋಡಿಸಿದರು. ಆಗ ಚಿತ್ರ ತಿಳಿಯಾಯಿತು. ಸರಾಸರಿ 45ರ ಆಸುಪಾಸಿನೊಳಗೇ ರೋಗ ಬಂದ 7 ಕುಟುಂಬಗಳಲ್ಲಿ ಸ್ಕೋರ್ ಏರುತ್ತಾ 5.98 ಮುಟ್ಟಿತು. ಅಂದರೆ ಒಂದಕ್ಕೆ ಹತ್ತಿರಹತ್ತಿರ ಹತ್ತು ಲಕ್ಷದ ತೂಕ. ತಡವಾಗಿ ರೋಗ ಬಂದ ಕುಟುಂಬಗಳನ್ನು ಸೇರಿಸುತ್ತಾ ಹೋದಂತೆ ಅದು ಇಳಿಯುತ್ತಾ ಸೊನ್ನೆಗಿಂತ ಕೆಳಗೆ ಹೋಯಿತು. ಉತ್ತರ ಅವರ ಕೈಯಲ್ಲಿದ್ದ ಕಡತಗಳಲ್ಲೇ ಇತ್ತು. ಎಲ್ಲರನ್ನೂ ಕಲಸಿ ನೋಡಿದ್ದರಿಂದ ಕಾಣಿಸುತ್ತಿರಲಿಲ್ಲ. ನನ್ನ ಮಟ್ಟಿಗೆ ಈ ಹುಡುಕಾಟದ ಅತಿ ಚಂದದ ಘಟ್ಟ ಇದು. ಮುಂದೆ ನಡೆದ ದೊಡ್ಡ ಓಟಕ್ಕಿಂತಲೂ.

1990ರ ಅಕ್ಟೋಬರಿನಲ್ಲಿ ಸಿನ್ಸಿನಾಟಿಯಲ್ಲಿ ನಡೆದ ಮಾನವ ತಳಿವಿಜ್ಞಾನಿಗಳ ಸಭೆಯಲ್ಲಿ ಕಿಂಗ್ ಇದನ್ನು ಹೇಳಿದರು. ಡಿಸೆಂಬರಿನಲ್ಲಿ ‘ಸೈನ್ಸ್’ ಪ್ರಕಟಿಸಿತು. ಸ್ವಲ್ಪದರಲ್ಲೇ ಫ್ರಾನ್ಸಿನ ಲಿಯಾನ್‌ನಲ್ಲಿದ್ದ ಗಿಲ್ಬರ್ಟ್ ಲೆನ್ವಾರ್ ಅವರ ತಂಡ, ಲಿಂಚ್ ಕೂಡಿಟ್ಟಿದ್ದ ಕುಟುಂಬಗಳಲ್ಲಿ ಅದೇ ಜಾಗವನ್ನು ಖಚಿತಪಡಿಸಿತು. ಅಂಡಾಶಯದ ಕ್ಯಾನ್ಸರ್ ಕೂಡ ಅದೇ ಗುರುತಿನ ಜೊತೆ ಇಳಿದು ಬರುತ್ತಿತ್ತು. ಲಿಂಚ್ ಹೇಳುತ್ತಾ ಬಂದದ್ದಕ್ಕೆ ಕೊನೆಗೂ ಸಾಕ್ಷಿ ಸಿಕ್ಕಿತು. ಇನ್ನೂ ಸಿಗದ ಆ ಜೀನಿಗೆ ಬಿಆರ್‌ಸಿಎ1 ಅಂತ ಹೆಸರಾಯಿತು.

ಜಾಗ ಗೊತ್ತಾಯಿತು, ಜೀನ್ ಇನ್ನೂ ಸಿಕ್ಕಿರಲಿಲ್ಲ. ಆ ಜಾಗದಲ್ಲಿ ಕೋಟಿಗಟ್ಟಲೆ ಅಕ್ಷರ, ನೂರಾರು ಜೀನುಗಳು. ಮುಂದಿನ ನಾಲ್ಕು ವರ್ಷ ಹಲವು ದೇಶಗಳ ಹಲವು ಪ್ರಯೋಗಾಲಯಗಳು ಒಂದೇ ತುಂಡಿನ ಮೇಲೆ ಬಿದ್ದವು. ಗೆದ್ದದ್ದು ಅಮೆರಿಕದ ಯೂಟಾ ರಾಜ್ಯದವರು. ಅಲ್ಲಿನ ಮಾರ್ಮನ್ ಪಂಥದವರು ಧರ್ಮದ ಕಾರಣಕ್ಕೆ ತಮ್ಮ ವಂಶಾವಳಿಯನ್ನು ತಲೆತಲಾಂತರದಿಂದ ಬರೆದಿಡುತ್ತಾರೆ. ಕುಟುಂಬಗಳೂ ದೊಡ್ಡವು. ಆ ವಂಶಾವಳಿಗಳನ್ನು ರಾಜ್ಯದ ಕ್ಯಾನ್ಸರ್ ನೋಂದಣಿ ಜೊತೆ ಹೊಂದಿಸಿ ಇಟ್ಟಿದ್ದರು. ಮೇಲೆ ಹೇಳಿದ ಸ್ಕೋಲ್ನಿಕ್ ಅಲ್ಲೇ ಇದ್ದರು. 1991ರಲ್ಲಿ ಮಿರಿಯಡ್ ಜೆನೆಟಿಕ್ಸ್ ಎಂಬ ಕಂಪನಿಯನ್ನೂ ಕಟ್ಟಿದ್ದರು. ದೊಡ್ಡ ಕುಟುಂಬಗಳಿದ್ದರೆ ಕ್ರೋಮೋಸೋಮಿನ ಅದಲುಬದಲು ಎಲ್ಲಿ ಆಗಿದೆ ಅಂತ ಹೆಚ್ಚು ಕಡೆ ಕಾಣುತ್ತದೆ. ಅಷ್ಟಷ್ಟು ಜಾಗ ಕಿರಿದಾಗುತ್ತದೆ. ಹೀಗೆ ಸುಮಾರು 6 ಲಕ್ಷ ಅಕ್ಷರಗಳ ಮಟ್ಟಕ್ಕೆ ಇಳಿಸಿ, ಆ ತುಂಡಿನ ಜೀನುಗಳನ್ನು ಒಂದೊಂದಾಗಿ ನೋಡಿದರು. 1994ರ ಅಕ್ಟೋಬರ್ 7ರ ‘ಸೈನ್ಸ್’ನಲ್ಲಿ ಯೋಶಿಯೋ ಮಿಕಿ ಮೊದಲ ಲೇಖಕರಾಗಿ ಫಲಿತಾಂಶ ಬಂತು. 1863 ಅಮೈನೋ ಆಮ್ಲಗಳ ಪ್ರೋಟೀನ್ ಮಾಡುವ ಜೀನ್ ಅದು.

ಇದೇ ಜೀನ್ ಅಂತ ಹೇಗೆ ಗೊತ್ತಾಯಿತು? ಎಂಟು ಕುಟುಂಬಗಳಲ್ಲಿ ಐದರಲ್ಲಿ ಆ ಜೀನಿನಲ್ಲೇ ದೋಷ ಸಿಕ್ಕಿತು. ಪ್ರತಿ ಕುಟುಂಬದ್ದೂ ಬೇರೆ ಬೇರೆ ದೋಷ. ಒಂದರಲ್ಲಿ 11 ಅಕ್ಷರ ಬಿಟ್ಟುಹೋಗಿದ್ದವು, ಒಂದರಲ್ಲಿ ಒಂದು ಅಕ್ಷರ ಜಾಸ್ತಿ ಸೇರಿತ್ತು, ಇನ್ನೊಂದರಲ್ಲಿ ಪ್ರೋಟೀನ್ ಅರ್ಧಕ್ಕೇ ನಿಲ್ಲುವಂಥ ಬದಲಾವಣೆ. ಕೆಡುವ ಬಗೆ ಬೇರೆಬೇರೆ, ಆದರೆ ಕೆಟ್ಟದ್ದು ಅದೇ ಜೀನ್, ರೋಗವೂ ಅದೇ. ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಆ ಜೀನಿನ ಕೆಲಸ ಏನು?

ನಮ್ಮಲ್ಲಿ ‘ಅವಳಿಗೆ ಬಿಆರ್‌ಸಿಎ ಜೀನ್ ಇದೆಯಂತೆ’ ಅಂತ ಮಾತಾಡುತ್ತಾರೆ. ಅದು ಎಲ್ಲರಲ್ಲೂ ಇದೆ, ಗಂಡಸರಲ್ಲೂ ಇದೆ, ಇರಲೇಬೇಕು. ಡಿಎನ್‌ಎಯ ಎರಡೂ ಎಳೆಗಳು ಒಂದೇ ಕಡೆ ತುಂಡಾದಾಗ ತಪ್ಪಿಲ್ಲದಂತೆ ಸರಿಪಡಿಸುವ ತಂಡದಲ್ಲಿ ಈ ಪ್ರೋಟೀನ್ ಮುಖ್ಯ. ಕೋಶದಲ್ಲಿರುವ ಸರಿಯಾದ ಇನ್ನೊಂದು ಪ್ರತಿಯನ್ನು ನೋಡಿಕೊಂಡು ಮುರಿದದ್ದನ್ನು ಕೂಡಿಸಲು ಇದು ಬೇಕು. ಇದಿಲ್ಲದಿದ್ದರೆ ಕೋಶ ಹೇಗೋ ತೇಪೆ ಹಾಕಿ ಮುಂದೆ ಸಾಗುತ್ತದೆ. ತಪ್ಪುಗಳು ಕೂಡುತ್ತಾ ಹೋಗುತ್ತವೆ. ಒಂದು ದಿನ ಅದು ಕ್ಯಾನ್ಸರ್ ಆಗುತ್ತದೆ.

ಪ್ರತಿ ಕೋಶದಲ್ಲೂ ಈ ಜೀನಿನ ಎರಡು ಪ್ರತಿಗಳಿರುತ್ತವೆ. ಒಂದು ಕೆಟ್ಟರೂ ಇನ್ನೊಂದು ಕೆಲಸ ನೋಡಿಕೊಳ್ಳುತ್ತದೆ. ಸಾಮಾನ್ಯ ಹೆಂಗಸಿನಲ್ಲಿ ಒಂದೇ ಕೋಶದ ಎರಡೂ ಪ್ರತಿಗಳು ಕೆಡಬೇಕು. ಅದು ಅಪರೂಪ. ದೋಷದ ಜೀನನ್ನು ಹುಟ್ಟಿನಿಂದಲೇ ಹೊತ್ತು ಬಂದವಳಲ್ಲಿ ಎಲ್ಲ ಕೋಶಗಳಲ್ಲೂ ಒಂದು ಪ್ರತಿ ಆಗಲೇ ಕೆಟ್ಟಿದೆ. ಎಲ್ಲೋ ಒಂದು ಸ್ತನಕೋಶದಲ್ಲಿ ಉಳಿದದ್ದೂ ಹೋದರೆ ಮುಗಿಯಿತು. ಹಾಗಾಗಿಯೇ ಆಕೆಗೆ ಕಾಯಿಲೆ ಬೇಗ ಬರುತ್ತದೆ, ಎರಡೂ ಸ್ತನಗಳಲ್ಲಿ ಬರುವುದೂ ಜಾಸ್ತಿ. ಈ ತರ್ಕವನ್ನು ಆಲ್ಫ್ರೆಡ್ ನಡ್ಸನ್ 1971ರಲ್ಲೇ ಮಕ್ಕಳ ಕಣ್ಣಿನ ಗಡ್ಡೆಯ ವಿಷಯದಲ್ಲಿ ಹೇಳಿದ್ದರು. ಕಿಂಗ್ ಕುಟುಂಬಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದ್ದು ಯಾಕೆ ಫಲ ಕೊಟ್ಟಿತು ಅನ್ನುವುದಕ್ಕೂ ಉತ್ತರ ಇದರಲ್ಲೇ ಇದೆ.

ಜೀನ್ ಸಿಕ್ಕಾಗ ಒಂದು ನಿರಾಸೆಯೂ ಕಾದಿತ್ತು. ವಂಶದಿಂದ ಬಾರದ ಸಾಮಾನ್ಯ ಸ್ತನ ಕ್ಯಾನ್ಸರ್‌ನಲ್ಲೂ ಇದೇ ಜೀನ್ ಗಡ್ಡೆಯೊಳಗೆ ಕೆಟ್ಟಿರುತ್ತದೆ, ಹಾಗಾದರೆ ಎಲ್ಲರಿಗೂ ಒಂದೇ ಚಿಕಿತ್ಸೆ ಮಾಡಬಹುದು ಅಂತ ಆಸೆಪಟ್ಟಿದ್ದರು. ‘ಸೈನ್ಸ್’ನ ಅದೇ ಸಂಚಿಕೆಯ ಇನ್ನೊಂದು ಪ್ರಬಂಧದಲ್ಲಿ 44 ಸ್ತನ ಮತ್ತು ಅಂಡಾಶಯದ ಗಡ್ಡೆಗಳನ್ನು ಪರೀಕ್ಷಿಸಿದ್ದರು. ದೋಷ ಸಿಕ್ಕಿದ್ದು 4ರಲ್ಲಿ. ಆ ನಾಲ್ಕೂ ಹುಟ್ಟಿನಿಂದ ಬಂದವು.

ಅಷ್ಟು ಹೊತ್ತಿಗೆ ಇನ್ನೊಂದು ಜೀನ್ ಇರಬೇಕು ಅನ್ನುವುದು ಖಚಿತವಾಗಿತ್ತು. ಹಲವು ದೇಶಗಳ 214 ಕುಟುಂಬಗಳನ್ನು ಒಟ್ಟಿಗೆ ನೋಡಿದಾಗ, ಬರೀ ಸ್ತನ ಕ್ಯಾನ್ಸರ್ ಇರುವ ಮನೆತನಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ 17ನೇ ಕ್ರೋಮೋಸೋಮಿಗೆ ಹೊಂದುತ್ತಿದ್ದವು. ಗಂಡಸರಿಗೂ ಸ್ತನ ಕ್ಯಾನ್ಸರ್ ಬಂದ ಕುಟುಂಬಗಳಂತೂ ಅತ್ತ ತಲೆಯೇ ಹಾಕುತ್ತಿರಲಿಲ್ಲ. ಇಂಗ್ಲೆಂಡಿನ ಮೈಕ್ ಸ್ಟ್ರಾಟನ್ ಅಂಥ ಕುಟುಂಬಗಳನ್ನೇ ಹಿಡಿದುಕೊಂಡರು. 1994ರಲ್ಲಿ ಯೂಟಾದವರ ಜೊತೆ ಸೇರಿ 13ನೇ ಕ್ರೋಮೋಸೋಮಿನಲ್ಲಿ ಜಾಗ ಗುರುತಿಸಿದರು. ಆಮೇಲೆ ಮಿರಿಯಡ್ ಕಂಪನಿಯ ವ್ಯಾಪಾರದ ಉದ್ದೇಶ ಒಪ್ಪಿಗೆಯಾಗದೆ ಬೇರೆಯಾದರು. 1995ರ ಡಿಸೆಂಬರಿನಲ್ಲಿ ಬಿಆರ್‌ಸಿಎ2 ಜೀನನ್ನು ‘ನೇಚರ್’ನಲ್ಲಿ ಪ್ರಕಟಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಿರಿಯಡ್ ಕೂಡ ಪೇಟೆಂಟ್ ಅರ್ಜಿ ಹಾಕಿತ್ತು. ಆಮೇಲೆ ಹಲವು ವರ್ಷ ಅಮೆರಿಕದಲ್ಲಿ ಈ ಎರಡು ಜೀನುಗಳ ಪರೀಕ್ಷೆ ಮಾಡುವ ಹಕ್ಕು ಒಂದೇ ಕಂಪನಿಯದಾಗಿತ್ತು. ಬೆಲೆ 3000 ಡಾಲರ್ ದಾಟಿತ್ತು. 2013ರ ಜೂನ್ 13ರಂದು ಅಲ್ಲಿನ ಸುಪ್ರೀಂ ಕೋರ್ಟ್, ಪ್ರಕೃತಿಯಲ್ಲಿರುವ ಡಿಎನ್‌ಎ ಮೇಲೆ ಪೇಟೆಂಟ್ ಕೊಡಲಾಗದು ಅಂತ ಸರ್ವಾನುಮತದಿಂದ ಹೇಳಿತು. ಅದರ ಹಿಂದಿನ ತಿಂಗಳಷ್ಟೇ ನಟಿ ಆಂಜೆಲಿನಾ ಜೋಲಿ ತಮ್ಮಲ್ಲಿ ಬಿಆರ್‌ಸಿಎ1 ದೋಷವಿದೆ, ಅದಕ್ಕೇ ಸ್ತನಗಳನ್ನು ತೆಗೆಸಿಕೊಂಡೆ ಅಂತ ಬಹಿರಂಗವಾಗಿ ಬರೆದಿದ್ದರು.

ಅಪಾಯದ ಅಂಕಿಗಳು ಎಷ್ಟು? ಸುಮಾರು 10 ಸಾವಿರ ಹೆಂಗಸರನ್ನು ವರ್ಷಗಳ ಕಾಲ ಗಮನಿಸಿ 2017ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. ಬಿಆರ್‌ಸಿಎ1 ದೋಷವಿರುವ ನೂರು ಹೆಂಗಸರಲ್ಲಿ 80 ವರ್ಷದೊಳಗೆ 72 ಮಂದಿಗೆ ಸ್ತನ ಕ್ಯಾನ್ಸರ್, 44 ಮಂದಿಗೆ ಅಂಡಾಶಯದ ಕ್ಯಾನ್ಸರ್. ಬಿಆರ್‌ಸಿಎ2ರಲ್ಲಿ 69 ಮತ್ತು 17. ಭಯಪಡಿಸುವ ಅಂಕಿಗಳೇ. ಆದರೂ ಕಾಲು ಭಾಗಕ್ಕಿಂತ ಹೆಚ್ಚು ಹೆಂಗಸರಿಗೆ ಸ್ತನ ಕ್ಯಾನ್ಸರ್ ಬರುವುದೇ ಇಲ್ಲ ಅನ್ನುವುದನ್ನೂ ಓದಿಕೊಳ್ಳಬೇಕು.

ರಿಪೇರಿ ಕೆಟ್ಟಿದ್ದೇ ಚಿಕಿತ್ಸೆಗೆ ದಾರಿಯೂ ಆಯಿತು. ಬಿಆರ್‌ಸಿಎ ಇಲ್ಲದ ಕ್ಯಾನ್ಸರ್ ಕೋಶ ಡಿಎನ್‌ಎ ರಿಪೇರಿಯ ಇನ್ನೊಂದು ದಾರಿಯ ಮೇಲೆ ಬದುಕಿರುತ್ತದೆ. ಪಾರ್ಪ್ ಎಂಬ ಕಿಣ್ವವನ್ನು ತಡೆದು ಅದನ್ನೂ ಮುಚ್ಚಿದರೆ ಕ್ಯಾನ್ಸರ್ ಕೋಶ ಸಾಯುತ್ತದೆ, ಒಂದು ಒಳ್ಳೆಯ ಪ್ರತಿ ಇರುವ ಉಳಿದ ಕೋಶಗಳು ಬದುಕುತ್ತವೆ. 2005ರಲ್ಲಿ ಎರಡು ತಂಡಗಳು ಇದನ್ನು ತೋರಿಸಿದವು. ಆ ಬಗೆಯ ಮದ್ದು ಓಲಾಪರಿಬ್‌ಗೆ 2014ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಈಗ ನಮ್ಮಲ್ಲೂ ಸಿಗುತ್ತದೆ.

ಎರಡು ಜೀನುಗಳ ಆಚೆಗೆ

ಬಿಆರ್‌ಸಿಎ3 ಅಂತ ಇನ್ನೊಂದು ಸಿಗುತ್ತದೆ ಅಂತ ಹಲವು ವರ್ಷ ಕಾದರು. ಅಷ್ಟೇ ಪ್ರಬಲವಾದ, ಅಷ್ಟೇ ಕುಟುಂಬಗಳನ್ನು ವಿವರಿಸುವ ಮೂರನೆಯದು ಸಿಗಲಿಲ್ಲ. ಸಿಕ್ಕಿದ್ದು ಬೇರೆ ಥರದ ಚಿತ್ರ. ಟಿಪಿ53 ಎಂಬ ಜೀನಿನ ದೋಷ ಬಹಳ ಪ್ರಬಲ, ಆದರೆ ತೀರಾ ಅಪರೂಪ. ಪಾಲ್‌ಬಿ2 ಬಿಆರ್‌ಸಿಎ2ರ ಜೊತೆಗಾರ ಪ್ರೋಟೀನಿನ ಜೀನ್, ಅದರ ದೋಷದ ಅಪಾಯವೂ ಗಣನೀಯ. ಚೆಕ್2, ಎಟಿಎಂ ಎಂಬ ಜೀನುಗಳು ಮಧ್ಯಮ ಅಪಾಯದವು. ಇವುಗಳಿಗೆ ಕುಟುಂಬದೊಳಗಿನ ಗುರುತಿನ ವಿಧಾನ ಸಾಲುವುದಿಲ್ಲ. ಅಪಾಯ ಎರಡು ಪಟ್ಟು ಮಾತ್ರ ಹೆಚ್ಚಿಸುವ ಜೀನ್ ರೋಗದ ಜೊತೆ ಅಷ್ಟು ಚೊಕ್ಕವಾಗಿ ಇಳಿದು ಬರುವುದಿಲ್ಲ. ಹಾಗಾಗಿ ರೋಗವಿರುವ, ರೋಗವಿಲ್ಲದ ಸಾವಿರಾರು ಜನರನ್ನು ಹೋಲಿಸಬೇಕು. 2021ರಲ್ಲಿ ಬಂದ ಒಂದು ಅಧ್ಯಯನ ಸ್ತನ ಕ್ಯಾನ್ಸರ್ ಇರುವ 60 ಸಾವಿರಕ್ಕೂ ಹೆಚ್ಚು ಹೆಂಗಸರನ್ನೂ ಇಲ್ಲದ 53 ಸಾವಿರಕ್ಕೂ ಹೆಚ್ಚು ಹೆಂಗಸರನ್ನೂ ಹೋಲಿಸಿತು. ಸಂಶಯದ ಪಟ್ಟಿಯಲ್ಲಿದ್ದ 34 ಜೀನುಗಳಲ್ಲಿ ಗಟ್ಟಿಯಾಗಿ ನಿಂತದ್ದು ಒಂಬತ್ತು. ಹಲವು ಜೀನುಗಳನ್ನು ಒಟ್ಟಿಗೆ ನೋಡುವ ಪರೀಕ್ಷೆಯ ಪ್ಯಾನೆಲ್‌ಗಳಲ್ಲಿ ಸೇರಿಸಿ ಮಾರುತ್ತಿದ್ದ ಹಲವು ಜೀನುಗಳಿಗೆ ಸರಿಯಾದ ಸಾಕ್ಷಿಯೇ ಇರಲಿಲ್ಲ. ಪ್ಯಾನೆಲ್ ದೊಡ್ಡದಿದ್ದಷ್ಟೂ ಒಳ್ಳೆಯದು ಅನ್ನುವ ಜಾಹೀರಾತನ್ನು ಅದಕ್ಕೇ ನಂಬಬೇಡಿ.

ಇದಲ್ಲದೆ, ಒಂದೊಂದೇ ಅಪಾಯವನ್ನು ಕೂದಲೆಳೆಯಷ್ಟು ಏರಿಸುವ ನೂರಾರು ಸಣ್ಣ ವ್ಯತ್ಯಾಸಗಳು 2007ರಿಂದೀಚೆಗೆ ಸಿಕ್ಕಿವೆ. ಅವುಗಳ ಮೊತ್ತ ಕೂಡಿ ಅಂದಾಜು ಕಟ್ಟುತ್ತಾರೆ. ಆ ಅಂದಾಜು ಹೆಚ್ಚಾಗಿ ಯುರೋಪ್ ಮೂಲದವರ ಮಾಹಿತಿಯಿಂದ ಬಂದದ್ದು. ನಮ್ಮ ಜನಕ್ಕೆ ಅದನ್ನೇ ಸೀದಾ ತಂದು ಹಚ್ಚಿದರೆ ಅಷ್ಟು ಸರಿಹೋಗುವುದಿಲ್ಲ.

ನಮ್ಮ ಕಡೆಯ ಮಾತು

ಬಿಆರ್‌ಸಿಎ1ರಲ್ಲಿ ಎರಡು ಅಕ್ಷರ ಬಿಟ್ಟುಹೋದ ಒಂದು ದೋಷವಿದೆ, 185ಡೆಲ್‌ಎಜಿ ಅನ್ನುತ್ತಾರೆ. ಪೂರ್ವ ಯುರೋಪ್ ಮೂಲದ ಯಹೂದಿಗಳಲ್ಲಿ ಇದು ಹೆಸರುವಾಸಿ. ಅವರಲ್ಲಿ 40 ಮಂದಿಗೆ ಒಬ್ಬರಲ್ಲಿ ಇದೋ, ಇನ್ನೆರಡು ದೋಷಗಳಲ್ಲಿ ಒಂದೋ ಇರುತ್ತದೆ. ಅದೇ ದೋಷ ದಕ್ಷಿಣ ಭಾರತದಲ್ಲೂ ಮತ್ತೆ ಮತ್ತೆ ಸಿಕ್ಕಿದೆ. ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯವರು 2009ರಲ್ಲಿ ದಕ್ಷಿಣ ಭಾರತದ ಹೆಂಗಸರಲ್ಲಿ ಅದು ಹೆಚ್ಚಾಗಿ ಕಾಣುತ್ತಿದೆ ಅಂತ ವರದಿ ಮಾಡಿದರು.

ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ 1982ರಿಂದ ನಡೆಯುತ್ತಿದೆ. ದೇಶದ ಅತಿ ಹಳೆಯವುಗಳಲ್ಲಿ ಒಂದು. ಆದರೆ ನೋಂದಣಿಯಲ್ಲಿ ಬರುವುದು ರೋಗಿಗಳ ಲೆಕ್ಕ, ಮನೆತನಗಳ ಲೆಕ್ಕವಲ್ಲ. ಯೂಟಾದವರಿಗೆ ಸಿಕ್ಕ ಅನುಕೂಲ ನಮಗಿಲ್ಲ. ವಂಶವೃಕ್ಷವನ್ನು ಡಾಕ್ಟರ ಎದುರು ಕೂತು ಬಾಯಿಮಾತಿನಲ್ಲೇ ಕಟ್ಟಬೇಕು. ಅಲ್ಲಿ ನಮ್ಮ ತೊಡಕುಗಳು ಶುರುವಾಗುತ್ತವೆ. ‘ಅಜ್ಜಿ ಹೇಗೆ ತೀರಿಕೊಂಡರು?’ ಅಂದರೆ ‘ಹೊಟ್ಟೆಯಲ್ಲಿ ನೀರು ತುಂಬಿತ್ತಂತೆ’ ಅನ್ನುವ ಉತ್ತರ ಬರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಲು ಕಾರಣಗಳು ಹಲವು, ಆದರೆ ಅಂಡಾಶಯದ ಕ್ಯಾನ್ಸರ್ ಅವುಗಳಲ್ಲಿ ಒಂದು. ಎದೆಯ ಗಡ್ಡೆಯನ್ನು ಮನೆಯಲ್ಲೂ ಹೇಳಿಕೊಳ್ಳದೆ ಹೋದ ಅಜ್ಜಿಯಂದಿರು ಎಷ್ಟೋ. ಮಗಳ ಮದುವೆಗೆ ತೊಂದರೆಯಾದೀತು ಅಂತ ಈಗಲೂ ಮುಚ್ಚಿಡುವವರಿದ್ದಾರೆ.

ತಾಯಿಯ ತವರಿನ ಕಡೆ ಮಾತ್ರ ಕೇಳಿ ಬಿಡುವುದು ಇನ್ನೊಂದು ತಪ್ಪು. ಹೆಂಗಸರ ಕಾಯಿಲೆ ಹೆಂಗಸರಿಂದಲೇ ಬರುತ್ತದೆ ಅಂದುಕೊಳ್ಳುತ್ತಾರೆ. ಅರ್ಧ ಪಾಲು ಅಪ್ಪನಿಂದ ಬರುತ್ತದೆ. ಸೋದರತ್ತೆಗೆ 38ಕ್ಕೆ ಸ್ತನ ಕ್ಯಾನ್ಸರ್ ಬಂದಿದ್ದರೆ ಅದು ಚಿಕ್ಕಮ್ಮನಿಗೆ ಬಂದಷ್ಟೇ ಮುಖ್ಯ. ಅಪ್ಪನಿಗೆ ಅಕ್ಕತಂಗಿಯರೇ ಇಲ್ಲದಿದ್ದರೆ ದೋಷ ಎರಡು ತಲೆಮಾರು ಸದ್ದಿಲ್ಲದೆ ಇಳಿದಿರಬಹುದು. ಬಿಆರ್‌ಸಿಎ2 ಹೊತ್ತ ಗಂಡಸರಿಗೆ ಪ್ರಾಸ್ಟೇಟ್, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಪಾಯವೂ ಹೆಚ್ಚು. ಅವನ್ನೂ ವಂಶವೃಕ್ಷದಲ್ಲಿ ಗುರುತು ಹಾಕಬೇಕು.

ಸಂಬಂಧದಲ್ಲಿ ಮದುವೆಯಾದ್ದರಿಂದ ಈ ಕ್ಯಾನ್ಸರ್ ಬಂತು ಅನ್ನುವ ಮಾತೂ ಇದೆ. ಒಂದೇ ಕೆಟ್ಟ ಪ್ರತಿ ಸಾಕಾಗುವ ರೋಗವಾದ್ದರಿಂದ ಅದಕ್ಕೆ ಸಂಬಂಧದ ಮದುವೆ ಬೇಕಿಲ್ಲ. ಆದರೆ ಸೋದರಮಾವನನ್ನೋ ಅತ್ತೆಮಗನನ್ನೋ ಮದುವೆಯಾಗಿ, ಇಬ್ಬರಲ್ಲೂ ಅದೇ ಬಿಆರ್‌ಸಿಎ2 ದೋಷವಿದ್ದರೆ, ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಬರಬಹುದು. ಆಗ ಬರುವುದು ಫ್ಯಾಂಕೋನಿ ಅನೀಮಿಯಾ ಎಂಬ ಬೇರೆಯೇ ಗಂಭೀರ ಕಾಯಿಲೆ. ಈ ನಂಟು 2002ರಲ್ಲಿ ಗೊತ್ತಾಯಿತು. ದೋಷ ಇರುವ ಮನೆತನದವರು ಮದುವೆಗೆ ಮೊದಲು ಕೇಳಿ ತಿಳಿಯಬೇಕಾದ ವಿಷಯ ಇದು.

ವಯಸ್ಸಿನ ಸುಳಿವನ್ನೂ ನಮ್ಮಲ್ಲಿ ಸ್ವಲ್ಪ ಎಚ್ಚರದಿಂದ ಬಳಸಬೇಕು. ಭಾರತದಲ್ಲಿ ಸ್ತನ ಕ್ಯಾನ್ಸರ್ ಬಂದವರ ಸರಾಸರಿ ವಯಸ್ಸು ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಕಡಿಮೆ. ನಮ್ಮಲ್ಲಿ ಚಿಕ್ಕ ವಯಸ್ಸಿನವರೇ ಹೆಚ್ಚಿರುವುದು ಇದಕ್ಕೆ ಒಂದು ಕಾರಣ. 45ಕ್ಕೆ ರೋಗ ಬಂದ ಮಾತ್ರಕ್ಕೆ ವಂಶದ್ದು ಅಂತ ತೀರ್ಮಾನಿಸುವಂತಿಲ್ಲ. ಒಂದೇ ಕಡೆಯ ಇಬ್ಬರು ಮೂವರಿಗೆ ಬಂದಿದೆಯೇ, ಅಂಡಾಶಯದ ಕ್ಯಾನ್ಸರ್ ಇದೆಯೇ, ಎರಡೂ ಸ್ತನಗಳಿಗೆ ಬಂದಿದೆಯೇ, ಗಂಡಸಿಗೆ ಬಂದಿದೆಯೇ, ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಗ್ರಾಹಿಗಳು, ಹರ್2 ಪ್ರೋಟೀನ್ ಈ ಮೂರೂ ಕಾಣದ) ಬಗೆಯದೇ ಅನ್ನುವುದನ್ನೆಲ್ಲ ಸೇರಿಸಿ ನೋಡುತ್ತಾರೆ.

ಪರೀಕ್ಷೆ ಮಾಡಿಸುವುದಾದರೆ ಮೊದಲು ಕಾಯಿಲೆ ಬಂದವರಿಂದ ಶುರು ಮಾಡಬೇಕು. ಅವರ ರಕ್ತದಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಅದೊಂದೇ ಜಾಗ ನೋಡಿದರೆ ಸಾಕು. ಖರ್ಚೂ ಕಡಿಮೆ, ಉತ್ತರವೂ ಸ್ಪಷ್ಟ. ಅಕ್ಕನಲ್ಲಿ ಸಿಕ್ಕ ದೋಷ ತಂಗಿಯಲ್ಲಿ ಇಲ್ಲ ಅಂದರೆ ತಂಗಿಯ ಅಪಾಯ ಬೇರೆ ಹೆಂಗಸರಷ್ಟೇ. ಇದ್ದರೆ 25-30ರಿಂದಲೇ ಎಂಆರ್‌ಐ ತಪಾಸಣೆ, ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವುದು, ಬೇಕೆಂದರೆ ಸ್ತನ ತೆಗೆಸುವುದು ಅಂತ ದಾರಿಗಳಿವೆ. ಯಾವುದು ಯಾವಾಗ ಅನ್ನುವುದನ್ನು ಆಪ್ತಸಲಹೆಗಾರರ ಜೊತೆ ಕೂತು ಮಾತಾಡಿಯೇ ನಿರ್ಧರಿಸಬೇಕು.

ರಿಪೋರ್ಟಿನಲ್ಲಿ ಮೂರನೆಯ ಬಗೆಯ ಉತ್ತರವೂ ಬರಬಹುದು: ಅಕ್ಷರ ಬದಲಾಗಿದೆ, ಆದರೆ ಅದು ಕೆಡುಕೋ ಅಲ್ಲವೋ ಗೊತ್ತಿಲ್ಲ. ಡಾಕ್ಟರುಗಳು ಇದನ್ನು ವಿಯುಎಸ್ ಅನ್ನುತ್ತಾರೆ. ನಮ್ಮಲ್ಲಿ ಪರೀಕ್ಷೆಯಾದವರ ಸಂಖ್ಯೆ ಕಡಿಮೆಯಾದ್ದರಿಂದ ಹೋಲಿಸಲು ಮಾಹಿತಿಯೂ ಕಡಿಮೆ, ಹಾಗಾಗಿ ಇಂಥ ಉತ್ತರ ಜಾಸ್ತಿ. ಅದನ್ನು ನಂಬಿ ಯಾವ ಆಪರೇಷನ್ನೂ ಮಾಡಿಸಬಾರದು. ಬಿಆರ್‌ಸಿಎ1ರ ಮುಖ್ಯ ಭಾಗಗಳಲ್ಲಿ ಆಗಬಹುದಾದ ಸುಮಾರು 4 ಸಾವಿರ ಒಂದಕ್ಷರದ ಬದಲಾವಣೆಗಳನ್ನು ಕೋಶಗಳಲ್ಲಿ ತಾವೇ ಮಾಡಿ, ಯಾವುದು ಜೀನನ್ನು ಕೆಡಿಸುತ್ತದೆ ಅಂತ 2018ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಪಟ್ಟಿ ಮಾಡಿದ್ದಾರೆ. ಹಳೆಯ ವಿಯುಎಸ್‌ಗಳಿಗೆ ಈಗ ಒಂದೊಂದಾಗಿ ಉತ್ತರ ಸಿಗುತ್ತಿದೆ.

‘ನೆಗೆಟಿವ್’ ಅನ್ನುವುದೂ ಪೂರ್ತಿ ನಿರಾಳವಲ್ಲ. ಆಗ ಮಾರುಕಟ್ಟೆಯಲ್ಲಿದ್ದ ಪರೀಕ್ಷೆಯಲ್ಲಿ ಏನೂ ಸಿಗದಿದ್ದ, ಆದರೆ ನಾಲ್ಕು ಅಥವಾ ಹೆಚ್ಚು ಮಂದಿಗೆ ಕ್ಯಾನ್ಸರ್ ಬಂದಿದ್ದ 300 ಕುಟುಂಬಗಳನ್ನು 2006ರಲ್ಲಿ ಕಿಂಗ್ ತಂಡ ಮತ್ತೆ ನೋಡಿತು. ನೂರಕ್ಕೆ 12ರಲ್ಲಿ ಬಿಆರ್‌ಸಿಎ ಜೀನುಗಳ ದೊಡ್ಡ ತುಂಡುಗಳೇ ಕಾಣೆಯಾಗಿದ್ದವು ಅಥವಾ ಎರಡು ಸಲ ಬಂದಿದ್ದವು. ಅಕ್ಷರ ಅಕ್ಷರ ಓದುವ ಅಂದಿನ ವಿಧಾನದ ಕಣ್ಣಿಗೆ ಅವು ಬಿದ್ದಿರಲಿಲ್ಲ. ಈಗಿನ ಒಳ್ಳೆಯ ಲ್ಯಾಬುಗಳು ಇವನ್ನೂ ನೋಡುತ್ತವೆ. ಹತ್ತು ಹದಿನೈದು ವರ್ಷದ ಹಿಂದೆ ನೆಗೆಟಿವ್ ಅನ್ನಿಸಿಕೊಂಡ, ಆದರೆ ಮನೆಯಲ್ಲಿ ಮೂರು ನಾಲ್ಕು ಮಂದಿಗೆ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದ ಕುಟುಂಬದವರು ಆ ಹಳೆಯ ರಿಪೋರ್ಟ್ ತೆಗೆದುಕೊಂಡು ಹೋಗಿ, ಅಂದು ಯಾವ ಯಾವ ಜೀನ್ ನೋಡಿದ್ದರು, ದೊಡ್ಡ ತುಂಡುಗಳನ್ನು ನೋಡಿದ್ದರೇ ಅಂತ ಇನ್ನೊಮ್ಮೆ ಕೇಳುವುದು ಒಳ್ಳೆಯದು.